ಎಮ್ಮೆಗೆ ಲೈಸೆನ್ಸ್ ಇಲ್ಲ

"ಏಕ್‌ದಂ ಅಡ್ಡ ಬಂತು ಭಾವ, ನಾನೇನ್ ಮಾಡ್ಲಿ?"

ಯಡಿಯೂರು ದಾಟಿ ಬೆಳ್ಳೂರು ಕ್ರಾಸ್ ಕಡೆ ಹೊರಟಿದ್ದೆವು. ಕಾರಿನ ಮೂತಿ ಎಮ್ಮೆಯ ಪಕ್ಕೆಗೆ ಮೊಳದ ದೂರದಲ್ಲಿ ಕಿರ್ರನೆ ನಿಂತ ಮೇಲೆ ಭಾಮೈದ ಆಡಿದ ಮಾತಿದು. ಸಂಜೆ, ದನ ಮನೆಗೆ ಮರಳುವ ಹೊತ್ತು. ಒಂದೆಮ್ಮೆ ಆಗಲೇ ಡಿವೈಡರ್ ಸಂದಿಯಿಂದ ದಾಟಿ ಹೋಗಿತ್ತು. ಅದರ ಹಿಂದೆ ಇನ್ನೊಂದು ಬಂದೇ ಬರುತ್ತದೆ ಎಂದು ತಿಳಿಯಲು ಡ್ರೈವಿಂಗ್ ಸ್ಕೂಲ್ ಬೇಕೆ? ಅಷ್ಟಕ್ಕೂ ಎಮ್ಮೆ ಯಾವ ಕೆಲಸವನ್ನೂ 'ಏಕ್‌ದಂ' ಮಾಡುವ ಪ್ರಾಣಿಯಲ್ಲ.

ಅಡ್ಡ ಬಂದದ್ದರದೇ ತಪ್ಪು, ಓಡಿಸುವವನದು ಬರೀ ಗ್ರಹಚಾರ ಎಂಬ ಈ ನಂಬಿಕೆ ಕೇಳಿ ಕೇಳಿ ಸಾಕಾಗಿದೆ. ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಕಣ್ಣು ಕಂಡದ್ದು ಕಾಲಿಗೆ ತಿಳಿಯಲು ಒಂದೂವರೆ ಸೆಕೆಂಡ್ ಹಿಡಿಯಿರಿ. ಅಷ್ಟರಲ್ಲಿ 33 ಮೀಟರ್ ಕಳೆದುಹೋಯಿತು, ಬ್ರೇಕು ಇನ್ನೂ ಹಿಡಿದೇ ಇಲ್ಲ. ಹಿಡಿದ ಮೇಲೂ ಒಣ ಟಾರಿನಲ್ಲಿ ನಿಲ್ಲಲು ಮತ್ತೆ ಸುಮಾರು 35. ರಾತ್ರಿ ಡಿಮ್ ಲೈಟಿನಲ್ಲಿ ಚೆನ್ನಾಗಿ ಕಾಣುವುದೇ 40-50 ಮೀಟರ್! ಎಮ್ಮೆ ಕಣ್ಣಿಗೆ ಬೀಳುವ ಮೊದಲೇ ಡಿಕ್ಕಿ ತೀರ್ಮಾನವಾಗಿರುತ್ತದೆ. ಅದೇ 40ರಲ್ಲಿದ್ದರೆ ಎಲ್ಲ ಸೇರಿ 26 ಮೀಟರ್ ಸಾಕು. ವೇಗ ಅರ್ಧವಾದರೆ ಬ್ರೇಕಿನ ದೂರ ಕಾಲು ಭಾಗಕ್ಕಿಳಿಯುತ್ತದೆ.

"ಬೋರ್ಡಿನಲ್ಲಿ ಅಷ್ಟು ಸ್ಪೀಡ್ ಬರೆದಿದೆಯಲ್ಲ" ಎನ್ನುತ್ತಾರೆ. ಅದು ಮಿತಿ, ಹರಕೆಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕರ ಚಾಲನೆಯನ್ನು ಅಳೆಯುವುದು ಆ ಜಾಗ ಎಂಥದು, ಅಲ್ಲಿ ಓಡಾಟ ಎಷ್ಟು ಎಂಬುದನ್ನೂ ನೋಡಿ. ನಮ್ಮ ಕಡೆ ಸುಗ್ಗಿ ಬಂದರೆ ರಸ್ತೆ ಮೇಲೆ ಹುರುಳಿ ಹರವುತ್ತಾರೆ. ಹರವುವುದು ತಪ್ಪೇ, ಒಪ್ಪಿದೆ. ಆದರೆ ವರ್ಷಾ ವರ್ಷಾ ಅದೇ ತಿರುವಿನಲ್ಲಿ ಹರವಿದ ಹುರುಳಿಯೂ ಇವರಿಗೆ 'ಏಕ್‌ದಂ'!

ಹಾರನ್ ಹೊಡೆದರೆ ಹೊಣೆ ಮುಗಿಯಿತು ಅನ್ನುವವರಿಗೆ ಏನು ಹೇಳಲಿ, ನಾಯಿಗೆ ಹಾರನ್ ಭಾಷೆ ಬರುವುದಿಲ್ಲ. ಎಬಿಎಸ್ ಇದ್ದರೆ ಗಾಡಿ ಎಲ್ಲಿಯಾದರೂ ಬೇಗ ನಿಲ್ಲುತ್ತದೆ ಎಂಬುದೂ ಸುಳ್ಳು. ಬ್ರೇಕ್ ಒತ್ತಿದಾಗಲೂ ಸ್ಟೇರಿಂಗ್ ಮಾತು ಕೇಳುವಂತೆ ಮಾಡುವುದು ಅದರ ಕೆಲಸ, ಜಲ್ಲಿಯ ಮೇಲೆ ಇನ್ನೂ ದೂರ ಜಾರಲೂಬಹುದು. ಗಾಯಾಳುವನ್ನು ಮುಟ್ಟಿದರೆ ಕೇಸು ಸುತ್ತಿಕೊಳ್ಳುತ್ತದೆಂಬ ಭಯಕ್ಕೆ ಅದೇ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 134ಎ ಸೆಕ್ಷನ್ ಉತ್ತರ ಕೊಟ್ಟಿದೆ: ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ಅದು ಕಾಯುತ್ತದೆ.

ಭಾಮೈದನ ಕಾರಿನ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತಿವೆ. ಟೈರಿನ ಗೀರುಗಳು ಸವೆದು ನುಣ್ಣಗಾಗಿವೆ. ದೃಷ್ಟಿ ತೆಗೆಯಲು ಇವನಂಥವರು ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಒಡೆಯುವ ಬೂದುಗುಂಬಳದ ತಿರುಳಿನ ಮೇಲೆ ಮಾರನೆಯ ದಿನ ಬೈಕಿನವರು ಜಾರಿ ಬೀಳುತ್ತಾರೆ. ಅದಕ್ಕೂ ಗ್ರಹಚಾರವೇ ಕಾರಣ, ಪಾಪ.

ವಾಪಸು ಬರುವಾಗ ಯಡಿಯೂರಿನಲ್ಲಿ ನಿಲ್ಲಿಸಿ ಈಡುಗಾಯಿ ಒಡೆದ. ಚೂರು ಆಯಲು ಹುಡುಗರು ಮುಗಿಬಿದ್ದರು. ಕುಣಿಗಲ್ ಮುಟ್ಟುವಷ್ಟರಲ್ಲಿ ಮುಳ್ಳು 110ರ ಮೇಲಿತ್ತು. ಪಕ್ಕದ ಸೀಟಿನಲ್ಲಿ ಕೂತ ನಾನು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದೆ.