ಗಾಯಕ್ಕೆ ಬೀಳುವ ಹುಳು

ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದವರು ಹಲ್ಲು, ಸುಳಿ, ಕೊಂಬು, ನಡೆಗಳನ್ನು ಬಹು ಎಚ್ಚರದಿಂದ ಪರೀಕ್ಷಿಸುತ್ತಾರೆ. ಮೂಗುದಾರದ ತೂತನ್ನೂ, ನೊಗ ಉಜ್ಜಿದ ಹೆಗಲನ್ನೂ, ಉಣ್ಣೆ ಕಚ್ಚಿದ ಕಿವಿಯ ಬುಡವನ್ನೂ ಅಷ್ಟೇ ಗಮನವಿಟ್ಟು ನೋಡುವವರು ವಿರಳ. ನಾವು ಈಗ ಪರಿಚಯಿಸಲಿರುವ ನೊಣವಾದರೋ ಮೊದಲು ಅರಸುವುದು ಅವನ್ನೇ.

ಸಾಲಿಗ್ರಾಮ, ಹುಣಸೂರುಗಳ ಕಡೆ ‘ಗಾಯಕ್ಕೆ ಹುಳ ಬಿದ್ದಿದೆ’ ಎನ್ನುವುದುಂಟು. ಹುಳು ಎಲ್ಲಿಂದಲೋ ಬೀಳುವುದಿಲ್ಲವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಅದು ನೊಣದ ಮರಿ. ಕೊಳೆತ ಹುಣ್ಣಿಗೆ ಮುತ್ತುವ ನೊಣಗಳು ಅನೇಕ. ಅವುಗಳಲ್ಲಿ ಹೆಚ್ಚಿನವುಗಳ ಮರಿಗಳು ಸತ್ತ ಮಾಂಸವನ್ನು ತಿನ್ನುತ್ತವೆ. ಕ್ರೈಸೊಮಿಯ ಬೆಜ್ಜಿಯಾನ ಎಂಬ ಹೊಳೆಯುವ ನೀಲಿ-ಹಸಿರು ನೊಣದ ಮರಿಗಳಿಗಾದರೋ ಜೀವಂತ ಮಾಂಸವೇ ಬೇಕು. ಹೆಣ್ಣು ನೊಣವು ಗಾಯದ ಅಂಚಿನಲ್ಲಿ ನೂರೈವತ್ತು ಇನ್ನೂರು ಮೊಟ್ಟೆಗಳನ್ನು ಒತ್ತಾಗಿ ಅಂಟಿಸಿ ಹೋಗುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಮೊಟ್ಟೆಯೊಡೆದ ಮರಿಗಳು ತಲೆ ಕೆಳಗಾಗಿ ಮಾಂಸವನ್ನು ಕೊರೆಯತೊಡಗುತ್ತವೆ. ಅವುಗಳ ಮೈಸುತ್ತ ಮುಳ್ಳುಗಳ ಸಾಲುಗಳಿದ್ದು, ನೋಡುವುದಕ್ಕೆ ತಿರುಪುಮೊಳೆಯ ಸುತ್ತುಗಳಂತೆ ಕಾಣುತ್ತವೆ. ತಿರುಪುಹುಳು ಎಂಬ ಹೆಸರಿಗೆ ಇದೇ ಕಾರಣ. ಗಾಯ ಹಿರಿದಾದಂತೆಲ್ಲ ಅದರ ವಾಸನೆಗೆ ಮತ್ತಷ್ಟು ನೊಣಗಳು ಬರುತ್ತವೆ. ಉಪಚಾರವಿಲ್ಲದೆ ಬಿಟ್ಟರೆ ಬಲಿಷ್ಠ ಎತ್ತೂ ಸಾಯಬಹುದು. ಹುಟ್ಟಿದ ಕರುವಿನ ಒಣಗದ ಹೊಕ್ಕುಳಂತೂ ಈ ನೊಣಕ್ಕೆ ತೆರೆದ ಬಾಗಿಲು.

ಸುಮಾರು ಒಂದು ವಾರದಲ್ಲಿ ಬಲಿತ ಮರಿಗಳು ತಾವಾಗಿ ನೆಲಕ್ಕುದುರಿ, ಮಣ್ಣು ಹೊಕ್ಕು, ಕೋಶ ಕಟ್ಟಿಕೊಳ್ಳುತ್ತವೆ. ಬೆಚ್ಚನೆಯ ಹವೆಯಿದ್ದರೆ ಇನ್ನೊಂದು ವಾರ ಹತ್ತು ದಿನಗಳಲ್ಲಿ ನೊಣ ಸಿದ್ಧ. ಗಾಯದಿಂದ ಕಿತ್ತ ಹುಳುಗಳನ್ನು ತಿಪ್ಪೆಗೆ ಎಸೆಯುವ ರೂಢಿ ಎಷ್ಟು ಕೆಟ್ಟದ್ದೆಂಬುದು ಇದರಿಂದ ತಿಳಿಯುತ್ತದೆ. ದನಕ್ಕೆ ಉಪಕಾರವಾಯಿತು, ನಿಜ. ಬಲಿತ ಹುಳುವಿಗೂ ಅದು ಬಯಸಿದ ನೆಲವೇ ದೊರೆಯಿತು! ಅವನ್ನು ಕುದಿಯುವ ನೀರಿಗೆ ಹಾಕಬೇಕು, ಇಲ್ಲವೆ ಸುಡಬೇಕು.

ಈ ನೊಣದ ದಾಯಾದಿಯೊಂದು ಅಮೆರಿಕ ಖಂಡದಲ್ಲಿದೆ. ಅದರ ಹೆಣ್ಣು ಬಾಳಿನಲ್ಲಿ ಒಮ್ಮೆ ಮಾತ್ರ ಕೂಡುತ್ತದೆ. ವಿಕಿರಣದಿಂದ ಸಂತಾನಶಕ್ತಿ ಕಳೆದ ಗಂಡುಗಳನ್ನು ಲಕ್ಷಗಟ್ಟಲೆ ಬಿಟ್ಟರೆ ಮೊಟ್ಟೆಗಳೆಲ್ಲ ಜೊಳ್ಳಾಗುವುವಲ್ಲವೆ? ನಿಪ್ಲಿಂಗ್ ಮತ್ತು ಬುಶ್‌ಲ್ಯಾಂಡ್ ಎಂಬ ವಿಜ್ಞಾನಿಗಳ ಈ ಉಪಾಯವು 1954ರಲ್ಲಿ ಕುರಸಾವೊ ದ್ವೀಪದಲ್ಲಿ ಫಲಿಸಿತು. ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನದಿಂದಲೂ ಮೆಕ್ಸಿಕೋದಿಂದಲೂ ನೊಣವನ್ನು ಅಟ್ಟಲಾಯಿತು. 2016ರಲ್ಲಿ ಅದು ಫ್ಲಾರಿಡಾದ ದ್ವೀಪಗಳಲ್ಲಿ ಮರಳಿ ಕಾಣಿಸಿಕೊಂಡು, ಮೊದಲೇ ಸಾವಿರಕ್ಕಿಂತ ಕಡಮೆಯಿದ್ದ ಕೀ ಜಿಂಕೆಗಳಲ್ಲಿ 135ನ್ನು ಬಲಿ ತೆಗೆದುಕೊಂಡಿತು. ಅದೇ ಉಪಾಯದಿಂದ 2017ರಲ್ಲಿ ನಿರ್ಮೂಲವಾಯಿತು. ಆದರೆ 2023ರಿಂದ ಪನಾಮದ ಉತ್ತರಕ್ಕೆ ಹಬ್ಬುತ್ತ ಹೋಗಿ, 2024ರ ನವೆಂಬರಿನಲ್ಲಿ ಮೆಕ್ಸಿಕೋವನ್ನು ಮತ್ತೆ ಹೊಕ್ಕಿತು. ನೊಣ ಹಾರಿ ಹೋಗುವ ದೂರ ಸ್ವಲ್ಪ; ಗಾಯದ ದನವನ್ನು ಲಾರಿಗೆ ಹತ್ತಿಸಿದರೆ ಅದು ಒಂದೇ ರಾತ್ರಿಯಲ್ಲಿ ಹಲವು ಜಿಲ್ಲೆಗಳನ್ನು ದಾಟುತ್ತದೆ. ಜಾತ್ರೆಯ ದನಗಳಿಗೂ ಈ ಮಾತು ಸಲ್ಲುತ್ತದೆ.

ಅಲ್ಲಿಯ ಗಂಡುಗಳನ್ನು ತಂದು ಇಲ್ಲಿ ಬಿಟ್ಟರೆ ಪ್ರಯೋಜನವಿಲ್ಲ, ಜಾತಿಯೇ ಬೇರೆ. ಮೇಲಾಗಿ, ಪನಾಮದ ಕಿರಿದಾದ ನೆಲವನ್ನು ಕಾಯುವಂತೆ ಕಾಯಲು ನಮಗೆ ಹೆಬ್ಬಾಗಿಲಿಲ್ಲ. ನಮ್ಮ ನೊಣ ಆಫ್ರಿಕದಿಂದ ನ್ಯೂಗಿನಿಯವರೆಗೆ ಹರಡಿಕೊಂಡಿದೆ. ಆದ್ದರಿಂದ ಗಾಯವೊಂದೊಂದನ್ನೂ ಕಾಯುವುದೇ ಸದ್ಯದ ದಾರಿ. ನಮ್ಮ ಹಳ್ಳಿಗರು ಸೀತಾಫಲದ ಎಲೆಯನ್ನು ಅರೆದು ಕಟ್ಟುತ್ತಾರೆ, ಬೇವಿನೆಣ್ಣೆ ಹಚ್ಚುತ್ತಾರೆ. ಇವನ್ನು ಹಳೆಯ ಕಾಲದ್ದೆಂದು ನಗುವುದು ಸಲ್ಲದು. ಆಳಕ್ಕೆ ಇಳಿದ ಹುಳುಗಳಿಗೆ ಪಶುವೈದ್ಯರ ಐವರ್‌ಮೆಕ್ಟಿನ್ ಚುಚ್ಚುಮದ್ದು ಬೇಕಾಗುತ್ತದೆ. ಕರು ಹಾಕಿದ ದಿನವೇ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ, ಒಣಗುವವರೆಗೆ ದಿನವೂ ನೋಡಬೇಕು.

ಹುಣಸೂರು, ಹೆಗ್ಗಡದೇವನಕೋಟೆಗಳ ಹೊಲಗಳಾಚೆ ನಾಗರಹೊಳೆಯ ಕಾಡಿದೆ. ಅಲ್ಲಿ ಹುಟ್ಟಿದ ಜಿಂಕೆಮರಿಯ ಹೊಕ್ಕುಳಿಗೆ ಅಯೋಡಿನ್ ಹಚ್ಚುವವರಿಲ್ಲ. ಅದನ್ನು ಅರಸಿ ಬರುವ ನೊಣಗಳಲ್ಲಿ ಎಷ್ಟೋ ಕಾಡಂಚಿನ ಕೊಟ್ಟಿಗೆಯ ಮಣ್ಣಿನಿಂದಲೇ ಎದ್ದಿರಬಹುದು.