ತಟ್ಟೆ ಸುಮ್ಮನಿದ್ದರೆ ಮಗಳನ್ನು ಬೈಯಬೇಡಿ

ಮಗಳು ಡ್ರಮ್ಸ್ ಕಲಿಯುತ್ತೇನೆಂದು ಹಟ ಹಿಡಿದಳು. ನೀವೂ ಯಜಮಾನರನ್ನು ಹೇಗೋ ಒಪ್ಪಿಸಿ ಎಲೆಕ್ಟ್ರಾನಿಕ್ ಸೆಟ್ ತರಿಸಿಕೊಟ್ಟಿರಿ. ವಾರ ಕಳೆಯುವುದರೊಳಗೆ "ಸಿಂಬಲ್ ಸರಿಯಾಗಿ ನುಡಿಯೋದಿಲ್ಲಮ್ಮ, ಹೊಡೆದ ಮೇಲೆ ಸದ್ದು ತಡವಾಗಿ ಬರುತ್ತೆ" ಎಂದು ಅವಳು ಕೋಲು ಕೆಳಗಿಟ್ಟಳೇ? "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಬೇಕಿತ್ತು" ಎಂದು ಅತ್ತೆಯವರು ಶುರುಮಾಡುವ ಮೊದಲು ಇದನ್ನೊಮ್ಮೆ ಓದಿ. ಎಷ್ಟೋ ಸಲ ದೋಷ ಮಗುವಿನ ಕೈಯಲ್ಲಲ್ಲ, ವೈರಿನಲ್ಲಿರುತ್ತದೆ.

ಸಂಗೀತಕ್ಕೆ ಕರೆಂಟು ನಮಗೇನು ಹೊಸದಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ಸ್ವತಃ ಕೊಳಲುವಾದಕರು, ಇಂಜಿನಿಯರೂ ಹೌದು. ಅವರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಎಷ್ಟು ಮನೆಗಳ ಹಾಡುಗಾರಿಕೆಗೆ ಜೊತೆಯಾಗಿಲ್ಲ!

ಮೊದಲು ಜಾಗ ನೋಡಿ. ಮೂಡಿಗೆರೆ, ಕಳಸದ ಕಡೆಯ ಹಳೆಯ ಮನೆಗಳ ಉಪ್ಪರಿಗೆಗೆ ಮರದ ಹಲಗೆ. ಹೆಡ್‌ಫೋನ್ ಇದೆಯಲ್ಲ ಎಂದು ಅಲ್ಲಿಟ್ಟಿರೋ, ಕಾಲಿನ ಪೆಡಲ್ಲಿನ ಧಡ್ ಧಡ್ ಕೆಳಗೆ ಮಲಗಿದವರ ತಲೆಯ ಮೇಲೇ! ಕೆಳಗಿನ ಗಟ್ಟಿ ನೆಲದ ಕೋಣೆಯೇ ಸೈ. ಅಡಿಗೆ ದಪ್ಪ ಜಮಖಾನ ಹಾಸಿ.

ಇನ್ನು ಸಿಂಬಲ್. ರಬ್ಬರು ಹೊದಿಸಿದ ಈ ತಟ್ಟೆಯೊಳಗೆ ಪೀಜೋ ಎಂಬ ಚಿಕ್ಕ ಬಿಲ್ಲೆ ಇರುತ್ತದೆ. ಅದು ಪೆಟ್ಟಿನ ನಡುಕವನ್ನು ಸಣ್ಣ ವಿದ್ಯುತ್ತಾಗಿ ಮಾಡಿ ಮಾಡ್ಯೂಲ್ ಎಂಬ ಪೆಟ್ಟಿಗೆಗೆ ಕಳಿಸುತ್ತದೆ. ಎರಡು ನಾದದ ಸಿಂಬಲ್ ಆದರೆ ಅಂಚಿನಲ್ಲಿ ಬೇರೆ ಸ್ವಿಚ್ಚು. ಅಲ್ಲಿ ಹೊಡೆದರೆ ಬೇರೆ ಸದ್ದು, ಅಂಚನ್ನು ಬೆರಳಲ್ಲಿ ಹಿಡಿದರೆ ಸದ್ದು ನಿಲ್ಲುತ್ತದೆ. ಇದಕ್ಕೆ ಸ್ಟೀರಿಯೋ ಕೇಬಲ್ಲೇ ಬೇಕು. ಪಿನ್ನಿನ ಮೇಲೆ ಎರಡು ಗೆರೆ ಇದ್ದರೆ ಸ್ಟೀರಿಯೋ, ಒಂದೇ ಇದ್ದರೆ ಮೋನೋ. ಅಂಚು ಮೂಕವಾದರೆ ಮೊದಲು ಈ ಗೆರೆ ಎಣಿಸಿ! ಮಾಡ್ಯೂಲಿನ ಆ ತೂತಿಗೂ ಎರಡು ನಾದದ ಅನುಕೂಲ ಇರಬೇಕು. ತಟ್ಟೆಯ ತಿರುಪನ್ನು ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಾಗೆ ಬಿಗಿಯಬೇಡಿ, ತುಸು ತೂಗಾಡಲಿ. ಮೆಲ್ಲನೆಯ ಪೆಟ್ಟು ಕೇಳದಿದ್ದರೆ ಮಾಡ್ಯೂಲಿನಲ್ಲಿ ಸೆನ್ಸಿಟಿವಿಟಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಪಕ್ಕದ ಡ್ರಮ್ಮಿಗೆ ಹೊಡೆದಾಗ ಸಿಂಬಲ್ ತಾನಾಗಿ ನುಡಿಯಿತೋ, ಏರಿಸಿದ್ದು ಜಾಸ್ತಿಯಾಯಿತು ಅಂತ ತಿಳಿಯಿರಿ.

ಕಂಪ್ಯೂಟರಿಗೆ ಜೋಡಿಸುವುದು ಯುಎಸ್‌ಬಿ ವೈರಿನಿಂದ. ಅದರಲ್ಲಿ ಹೋಗುವುದು ಸದ್ದಲ್ಲ. ಯಾವ ತಟ್ಟೆ, ಎಷ್ಟು ಜೋರು ಎಂಬ ಸುದ್ದಿ ಮಾತ್ರ. 1983ರಲ್ಲಿ ಬಂದ ಈ ಭಾಷೆಗೆ ಮಿಡಿ ಎಂದು ಹೆಸರು. ಸದ್ದು ಕೊಡುವುದು ಕಂಪ್ಯೂಟರಿನಲ್ಲಿರುವ ತಂತ್ರಾಂಶ. ತಡವಾಗುವುದೂ ಇಲ್ಲೇ. ಬಫರ್ ಎಂಬ ಅಂಕಿ 1024 ಇದ್ದರೆ ಅದೊಂದರಿಂದಲೇ ಸೆಕೆಂಡಿನ ಸಾವಿರದಲ್ಲಿ 23 ಪಾಲು ತಡ. 128ಕ್ಕಿಳಿಸಿದರೆ ಸುಮಾರು 3 ಪಾಲು. ತೀರಾ ಇಳಿಸಿದರೆ ಸದ್ದು ಚಟಪಟ ಒಡೆಯುತ್ತದೆ, ಆಗ ಒಂದು ಮೆಟ್ಟಿಲು ಮೇಲೇರಿಸಿ. ವಿಂಡೋಸ್ ಆದರೆ ಏಸಿಯೋ ಡ್ರೈವರ್ ಹಾಕಿಸಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ, ತಾಳ ತಪ್ಪಿಸುವುದರಲ್ಲಿ ಅದು ನಿಸ್ಸೀಮ. ವೈರಿನದೇ ಇರಲಿ.

ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಗುಡುಗು ಕೇಳಿಸಿದೊಡನೆ ಪ್ಲಗ್ ಕೀಳಿಸಿ. ತಟ್ಟೆಗಳನ್ನು ಒಣಬಟ್ಟೆಯಿಂದ ಒರೆಸಿ, ವೈರುಗಳನ್ನು ಸುತ್ತಿ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಮುಚ್ಚಿಡಿ. ಬೂಷ್ಟು ಹಿಡಿಯುವುದಿಲ್ಲ.