ಹೊಸ ತೆರಿಗೆಯ ಕಲಿಕೆ: ಖಾತ್ರಿ ಎಷ್ಟು, ಖರೆ ಎಷ್ಟು?

2005ರಿಂದ ಈಚೆಗೆ ನಮ್ಮ ವರ್ತಕ ಬಾಂಧವರು ಎರಡು ಬಾರಿ ತೆರಿಗೆಯ ಪಾಠವನ್ನು ಹೊಸದಾಗಿ ಕಲಿಯಬೇಕಾಯಿತು. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತು. ಅಮರಗೋಳದ ದಲಾಲಿ ಅಂಗಡಿಯಿರಲಿ, ತಾರಿಹಾಳದ ಕಾರ್ಖಾನೆಯಿರಲಿ, ಎರಡೂ ಸಲ ಕಂಡುಬಂದ ಸಂಗತಿ ಒಂದೇ. ಮೊದಲ ತಿಂಗಳು ಅಳುಕಿನಿಂದ ಪ್ರಶ್ನೆ ಕೇಳಿದವರು, ಒಂದೆರಡು ರಿಟರ್ನ್ ಸಲ್ಲಿಸಿದೊಡನೆ ಕೇಳುವುದನ್ನೇ ನಿಲ್ಲಿಸುತ್ತಾರೆ. ತಪ್ಪು ನುಸುಳುವುದು ಈ ಘಟ್ಟದಲ್ಲಿಯೇ.

ಇದು ಮನುಷ್ಯಸಹಜ. ಕಾರ್ಮೆನ್ ಸ್ಯಾಂಚೆಜ್ ಮತ್ತು ಡೇವಿಡ್ ಡನ್ನಿಂಗ್ ಎಂಬ ಮನಃಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣಗಳಿಂದ ಕಾಲ್ಪನಿಕ ರೋಗವನ್ನು ಗುರುತಿಸುವ ಕೆಲಸವನ್ನು ಹೊಸಬರಿಗೆ ಕೊಡಲಾಗಿತ್ತು. ಆರಂಭದಲ್ಲಿ ಅವರು ಎಚ್ಚರದಿಂದಿದ್ದರು. ತುಸು ಅನುಭವವಾದೊಡನೆ ಅವರ ಆತ್ಮವಿಶ್ವಾಸವು ನೈಪುಣ್ಯವನ್ನು ಮೀರಿ ಏರಿತು. ಬಳಿಕ ಆ ಏರಿಕೆ ಕೆಲಕಾಲ ನಿಂತಿತು. ನಾಲ್ಕಾರು ಉದಾಹರಣೆಗಳಿಂದಲೇ ನಿಯಮ ಕಟ್ಟಿಕೊಂಡದ್ದು ಇದಕ್ಕೆ ಕಾರಣ.

ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇದಕ್ಕೆ ಒಳ್ಳೆಯ ನಿದರ್ಶನ. ಖರೀದಿಗೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆಯಬಹುದೆಂಬುದು ಎಲ್ಲರೂ ಬೇಗ ಕಲಿಯುವ ಸೂತ್ರ. ಆದರೆ ಮಾಲು ಸಾಗಿಸುವ ವಾಹನಕ್ಕೆ ದೊರೆಯುವ ಕ್ರೆಡಿಟ್, ಮಾಲಕರು ವ್ಯವಹಾರದ ಓಡಾಟಕ್ಕೆ ಕೊಂಡ ಕಾರಿಗೆ ದೊರೆಯದು. ಮಾರಿದವರಿಗೆ ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಸಂದಾಯವಾಗದಿದ್ದರೆ, ಪಡೆದ ಕ್ರೆಡಿಟ್ಟನ್ನು ಬಡ್ಡಿಯೊಡನೆ ಹಿಂದಿರುಗಿಸಬೇಕು. ಹಣ ಕೊಟ್ಟ ಮೇಲೆ ಮರಳಿ ಪಡೆಯಬಹುದು. 2022ರ ಜನವರಿ 1ರಿಂದ, ಮಾರಿದವರು ತಮ್ಮ ವಿವರಣೆಯಲ್ಲಿ ತೋರಿಸದ ಬಿಲ್ಲಿಗೆ ಕ್ರೆಡಿಟ್ ಇಲ್ಲ. ಅರ್ಹತೆಯಿಲ್ಲದ ಕ್ರೆಡಿಟ್ಟನ್ನು ಪಡೆದು ಬಳಸಿದರೆ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕು. ಸೂತ್ರ ಗೊತ್ತಿತ್ತೆಂಬ ಸಮಜಾಯಿಷಿಯಿಂದ ಈ ಬಡ್ಡಿ ತಪ್ಪುವುದಿಲ್ಲ.

ಇಂತಹ ಅಪವಾದಗಳು ಎದುರಾದಾಗ ಧೈರ್ಯ ಕುಗ್ಗುತ್ತದೆ. "ಮೊದಲು ತಿಳಿದಿತ್ತು, ಈಗ ಗೊಂದಲವಾಗಿದೆ" ಎಂದು ಅನೇಕರು ಹೇಳುವುದುಂಟು. ವಾಸ್ತವದಲ್ಲಿ ಅವರ ತಿಳಿವಳಿಕೆ ಹೆಚ್ಚಿರುತ್ತದೆ. ಪ್ರಶ್ನೆಯ ಆಳ ಈಗ ಕಾಣತೊಡಗಿರುತ್ತದೆ. ಆದುದರಿಂದ ಗುಮಾಸ್ತರು ಸಂದೇಹ ಎತ್ತಿದರೆ ಗದರಿಸದೆ ಕೇಳುವುದು ಲೇಸು.

ಇದಕ್ಕೊಂದು ಸರಳ ಉಪಾಯವಿದೆ. ಒಂದು ವಹಿಯಲ್ಲಿ ಪ್ರಶ್ನೆ, ತಮ್ಮ ಉತ್ತರ, ಅದರ ಬಗೆಗಿನ ಖಾತ್ರಿ ನೂರಕ್ಕೆ ಎಷ್ಟು, ಪರಿಶೀಲನೆಯ ನಂತರ ತಿಳಿದ ಸರಿಯುತ್ತರ ಎಂದು ನಾಲ್ಕು ಅಂಕಣಗಳನ್ನು ಬರೆದಿಡಬೇಕು. ಮೂರು ತಿಂಗಳಿಗೊಮ್ಮೆ ತಾಳೆ ನೋಡಿದರೆ, ಯಾವ ವಿಷಯದಲ್ಲಿ ಖಾತ್ರಿ ಹೆಚ್ಚು, ತಿಳಿವಳಿಕೆ ಕಡಿಮೆ ಎಂಬುದು ಸ್ಪಷ್ಟವಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಅನೇಕ ಸರಕುಗಳ ಜಿ.ಎಸ್.ಟಿ. ದರಗಳು ಬದಲಾದವು. ಬಾಯಿಪಾಠವಾಗಿದ್ದ ಹಳೆಯ ದರಗಳಿಂದಲೇ ಈ ತಾಳೆಯನ್ನು ಆರಂಭಿಸಬಹುದು.